ಸೂಳೆಕೆರೆ ದಡದಲ್ಲಿ ನಾನು ಮಾಡಿದ ತಿದ್ದುಪಡಿ

ಗೆಳೆಯರೇ, ಸಮುದ್ರ ನೋಡದೆ ಸಾಯುತ್ತೇನೆಂದು ಕೊರಗುತ್ತಿದ್ದ ಜಗಳೂರಿನ ಸೋದರತ್ತೆಗೆ ಇಂದು ಸಮುದ್ರ ಸಿಕ್ಕಿತ್ತು, ನಾನು ಕಸಿದುಕೊಂಡೆ.

ಪೆಟ್ರೋಲು ಸಿಗದ ಈ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುವ ಬಾಡಿಗೆ ಕಾರಿನಲ್ಲಿ, ಎಲ್ಲಿಗೆಂದು ಹೇಳದೆ, ಅವರಿಗೆ ಸೂಳೆಕೆರೆ ತೋರಿಸಲು ಹೋಗಿದ್ದೆ. ದಾರಿಯುದ್ದಕ್ಕೂ ಒಂದೊಂದು ಊರನ್ನೂ ಹೆಸರಿಸಿ ವಿವರಿಸುತ್ತಿದ್ದ ಡ್ರೈವರ್ ಖಾದರ್ ಸಾಬರು ದಡದಲ್ಲಿ ನಿಲ್ಲಿಸಿ, "ನೋಡ್ರಿ ಅಮ್ಮಾ, ಶಾಂತಿಸಾಗರ" ಎಂದರು.

"ಸಾಗರಾನಾ!" ಅತ್ತೆ ಕೈಮುಗಿದು ತಂಬಿಗೆ ತುಂಬಿಕೊಂಡರು. ಒಂದು ಗುಟುಕು ಕುಡಿದು, "ಉಪ್ಪೇ ಇಲ್ವಲ್ರೀ ಸಾಬ್ರೇ?" ಎಂದರು.

"ಉಪ್ಪು ಆಚೆ ದಡಕ್ಕೈತೆ ತಾಯಿ."

ಅನುವಾದದ ಕಾದಂಬರಿಗಳಲ್ಲಿ ತಪ್ಪು ಕಂಡರೆ ಅಂಚಿನಲ್ಲಿ ತಿದ್ದುವವನು ನಾನು. "ಅತ್ತೆ, ಇದು ಕೆರೆ. ಸಾಗರ ಬರೀ ಹೆಸರು" ಎಂದೆ.

ಅವರು ತಂಬಿಗೆಯ ನೀರನ್ನು ಕೆರೆಗೇ ಚೆಲ್ಲಿದರು.

"ಕೆರೆ ಅನ್ನಾದು ನಂಗೂ ಗೊತ್ತಿತ್ರೀ ಸ್ವಾಮಿ" ಎಂದು ಸಾಬರು ಮೆಲ್ಲಗೆ ಹೇಳಿ ಕಾರು ಹತ್ತಿದರು. ಮರಳುವಾಗ ಒಂದೂರಿನ ಹೆಸರನ್ನೂ ಹೇಳಲಿಲ್ಲ.

ನನ್ನ ತಿದ್ದುಪಡಿಯಲ್ಲಿ ಮಾತ್ರ ಒಂದಕ್ಷರವೂ ತಪ್ಪಿಲ್ಲ.