ದೊನ್ನೆ ಹಿಡಿದ ಎಡಗೈ

ಉಮರ್ಗಾದ ಝೆರಾಕ್ಸ್ ಅಂಗಡಿಯಲ್ಲಿ ಮಗಳ ಕಾಗದಪತ್ರಗಳಿಗಾಗಿ ಕಾಯುತ್ತ ನಿಂತಿದ್ದೆ. ಹಳೆಯ ಯಂತ್ರ ಬಿಸಿಯಾಗಿತ್ತು. ವಿದ್ಯುತ್ ಕಿಡಿ ಹಾರಿದಾಗ ಬರುವಂಥ ಕಟುವಾದ ವಾಸನೆ ಮೂಗಿಗೆ ಬಡಿಯುತ್ತಲೇ ಉದಗೀರದ ಆ ಮಧ್ಯಾಹ್ನ ಕಣ್ಮುಂದೆ ಬಂತು...

ಮದುವೆಯಾಗಿ ಬೀದರ ಕಡೆಯಿಂದ ಉದಗೀರಕ್ಕೆ ಹೋದ ಹೊಸದರಲ್ಲಿ ಪಕ್ಕದ ಮನೆಯ ಹಿರಿಯರನ್ನು ಅಣ್ಣಾ ಎನ್ನುತ್ತಿದ್ದೆ. ಕಾಳಿನ ವ್ಯಾಪಾರದ ಮನೆತನ. ಅವರೊಬ್ಬರೇ ಭೌತಶಾಸ್ತ್ರ ಓದಿ, ದೂರದ ಪ್ರಯೋಗಾಲಯವೊಂದರಲ್ಲಿ ಪರಮಾಣು ಸಮ್ಮಿಲನದ ಮೇಲೆ ದುಡಿದು, ನಿವೃತ್ತರಾಗಿ ಬಂದಿದ್ದರು. ಸೂರ್ಯನ ಒಡಲಲ್ಲಿ ಪರಮಾಣುಗಳು ಬೆಸೆದು ಶಕ್ತಿ ಕೊಡುವಂತೆ ಭೂಮಿಯ ಮೇಲೂ ಆಗಬೇಕು, ಆ ಶಕ್ತಿಯಿಂದ ನೌಕೆಯೊಂದು ಬೇರೆ ನಕ್ಷತ್ರಕ್ಕೆ ಹೋಗಬೇಕು... ಅವರ ನೋಟುಬುಕ್ಕುಗಳ ತುಂಬ ಇದೇ. ಹಿತ್ತಲ ಗೋದಾಮಿನಲ್ಲಿ ಚಿಕ್ಕ ಮಾದರಿಯೊಂದಿತ್ತು: ಗಾಳಿ ತೆಗೆದ ಉಕ್ಕಿನ ಪಾತ್ರೆ, ಒಳಗೆ ತಂತಿಯ ಜಾಲರಿ, ಪಕ್ಕದಲ್ಲಿ ಸಾವಿರಾರು ವೋಲ್ಟ್ ಹಿಡಿದಿಡುವ ಕೆಪಾಸಿಟರ್. ನಾನು ಬಿ.ಎಸ್ಸಿ. ಓದಿದವಳೆಂದು ಕರೆದು ತೋರಿಸುತ್ತಿದ್ದರು.

"ಅಣ್ಣಾ, ನಿಮ್ಮ ನಕ್ಷತ್ರದ ಗಾಡಿ ಎಲ್ಲೀತನಾ ಬಂತ್ರಿ?" ಎಂದು ಕಾಡಿಸುತ್ತಿದ್ದೆ.

"ಇನ್ನಾ ಬಾಜೂದ ಊರು ಜಳಕೋಟಕ್ಕೂ ಮುಟ್ಟಿಲ್ಲ ತಂಗೀ. ನಿನ್ನ ಗಂಡನ ಫಟಫಟಿಗಿಂತಾ ಸಾವಕಾಶ ಅದ."

ಅವರದೊಂದು ನೇಮವಿತ್ತು. ಯಂತ್ರದ ಬಳಿ ಎಡಗೈ ಸದಾ ಜುಬ್ಬಾದ ಕಿಸೆಯಲ್ಲಿ. ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯೊಳಗಿಂದ ಹಾಯುತ್ತದೆ. ಸ್ವಿಚ್ ಆರಿಸಿದ ಮೇಲೂ, ನೆಲಕ್ಕೆ ಜೋಡಿಸಿದ ತಾಮ್ರದ ಕೋಲನ್ನು ಕೆಪಾಸಿಟರಿಗೆ ತಾಗಿಸಿ ಅದರಲ್ಲಿ ಉಳಿದ ವಿದ್ಯುತ್ತನ್ನು ಬರಿದು ಮಾಡದೆ ಏನನ್ನೂ ಮುಟ್ಟುತ್ತಿರಲಿಲ್ಲ.

ಅಂದು ಶ್ರಾವಣ ಸೋಮವಾರ. ಪೂಜೆ ಮುಗಿಸಿ ದೊನ್ನೆಯಲ್ಲಿ ಹುಗ್ಗಿ ಹಿಡಿದು ಹೋದೆ. ಪಾತ್ರೆಯ ಗಾಜಿನ ಕಿಂಡಿಯಲ್ಲಿ ನೇರಳೆ ಬೆಳಕು ಮೊದಲ ಬಾರಿ ಅಲುಗದೆ ನಿಂತಿತ್ತು. ಅವರು ಸ್ವಿಚ್ ಆರಿಸಿ, ಕೋಲು ಕೈಗೆತ್ತಿಕೊಂಡು, ನನ್ನ ಕಡೆ ತಿರುಗಿ ನಕ್ಕರು.

"ತಂಗೀ, ಇವತ್ತ ಜಳಕೋಟ ದಾಟ್ತ ನೋಡು!"

"ಹಂಗಾರ ಮೊದಲ ಬಾಯಿ ಸೀ ಮಾಡ್ರಿ. ಪ್ರಸಾದ."

ನಮ್ಮಲ್ಲಿ ಪ್ರಸಾದವನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದಿಲ್ಲ. ಅವರು ಕೋಲನ್ನು ಹಾಗೆಯೇ ಮೇಜಿನ ಮೇಲಿಟ್ಟರು. ಕಿಸೆಯಿಂದ ಎಡಗೈ ತೆಗೆದರು. ಎರಡೂ ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು. ತಿಂದರು, ಬಲಗೈ ತೊಳೆದುಕೊಂಡರು. ಖುಷಿಯಲ್ಲಿ, ಕೋಲಿನ ಕೆಲಸ ಆಗಿಹೋಗಿದೆ ಎಂದುಕೊಂಡರೋ ಏನೋ... ದೊನ್ನೆ ಹಿಡಿದ ಎಡಗೈಯನ್ನು ಉಕ್ಕಿನ ಪಾತ್ರೆಗೆ ಊರಿ, ಹಸಿ ಬಲಗೈಯಿಂದ ಕೆಪಾಸಿಟರಿನ ತಂತಿ ಬಿಚ್ಚಲು ಹೋದರು.

ಒಂದೇ ಸದ್ದು. ಆಮೇಲೆ ಆ ವಾಸನೆ.

ಕೋಲು ನನ್ನ ಕೈಗೆ ಎಟಕುವಷ್ಟು ಹತ್ತಿರವಿತ್ತು. ಅವರ ನೇಮ ನನಗೆ ಪೂರ್ತಿ ಗೊತ್ತಿತ್ತು. ಆದರೂ ಕೂಗಲಿಲ್ಲ. ಅವರು ಬಿದ್ದ ಮೇಲೆ, ಮುಟ್ಟಿದರೆ ನನಗೂ ಹೊಡೆದೀತೆಂದು ಹಿಂದಕ್ಕೆ ಸರಿದ ಆ ಗಳಿಗೆ... ಅದೆಷ್ಟು ಉದ್ದವಿತ್ತೋ, ಇಂದಿಗೂ ಅಳೆಯುತ್ತಲೇ ಇದ್ದೇನೆ. ಆಸ್ಪತ್ರೆ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟಿದ್ದರು.

ಅವರ ಹೆಂಡತಿ ನನ್ನನ್ನು ಬೈಯಲಿಲ್ಲ. "ಬಾಯಿ ಸೀ ಮಾಡಿ ಕಳಿಸಿದಿ, ತಂಗೀ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಪ್ರಸಾದವನ್ನು ನಾನು ಯಾರ ಕೈಗೂ ಕೊಟ್ಟಿಲ್ಲ. ಎದುರಿಗಿಟ್ಟು ದೂರ ಸರಿಯುತ್ತೇನೆ.

"ಅಕ್ಕಾ, ನಿಮ್ಮ ಕಾಗದಾ ತಗೋರಿ." ಅಂಗಡಿಯಾತ ಎರಡನೆಯ ಸಲ ಕರೆದಿದ್ದ. ಬಲಗೈ ಚಾಚಿ ತೆಗೆದುಕೊಂಡೆ. ಎಡಗೈ, ಸೆರಗಿನೊಳಗೆ, ಬಿಗಿಯಾಗಿ ಮುಷ್ಟಿ ಕಟ್ಟಿತ್ತು.