ಇನ್ನೊಂದು ಕಡೆ ವಿಚಾರಿಸಿ

ಶೈಲಜಾ ಕಟ್ಟಿದ ಕಂಪನಿಯನ್ನು ಮುಳುಗಿಸಿದವನು ನಾನು. ಅವರ ಮೇಲೆ ಕೇಸು ಹಾಕಲಿಲ್ಲ, ಅವರ ಕೆಲಸವನ್ನು ಕದಿಯಲಿಲ್ಲ, ಒಂದು ಸುಳ್ಳನ್ನೂ ಹೇಳಲಿಲ್ಲ. ಫೋನಿನಲ್ಲಿ ಒಂದು ಮಾತು ಆಡಿದೆ, ಅಷ್ಟೆ. ಆ ಮಾತಿನಲ್ಲಿ ಕೆಟ್ಟ ಶಬ್ದ ಒಂದೂ ಇರಲಿಲ್ಲ — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಸಮಾಧಾನ ಇದು. ಈಗ ಸಾಕು.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಹೊಸ ತಂತ್ರಜ್ಞಾನದ ಕಂಪನಿಗಳಲ್ಲಿ ಬಂಡವಾಳ ಹೂಡುವ ಸಂಸ್ಥೆಯೊಂದರಲ್ಲಿ ತೊಂಬತ್ತರ ದಶಕದಿಂದ ದುಡಿದವನು ನಾನು. ವೆಂಚರ್ ಕ್ಯಾಪಿಟಲ್ ಅನ್ನುತ್ತಾರೆ. ಕೊಡುವುದು ಸಾಲವಲ್ಲ, ಕಂಪನಿಯಲ್ಲಿ ಪಾಲು ತೆಗೆದುಕೊಳ್ಳುತ್ತೇವೆ. ಅವರು ಗೆದ್ದರೆ ನಾವು ಗೆದ್ದೆವು, ಅವರು ಮುಳುಗಿದರೆ ನಮ್ಮದೂ ಮುಳುಗಿತು. ಅಮ್ಮನಿಗೆ ಇದು ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಗೆ ಬಂದವರ ಮುಂದೆಲ್ಲ, "ಬಡ್ಡಿ ಇಲ್ದೆ ದುಡ್ಡು ಕೊಡ್ತಾರಂತೆ, ಮುಳುಗಿದ್ರೆ ವಾಪಸ್ಸೂ ಕೇಳಲ್ವಂತೆ" ಎನ್ನುತ್ತಿದ್ದಳು. ಪಕ್ಕದ ಮನೆಯಾಕೆ ಒಮ್ಮೆ, "ಹಂಗಾದ್ರೆ ನಮ್ ಯಜಮಾನ್ರಿಗೂ ಒಂಚೂರು ಕೊಡ್ಸೇ ಮಾರಾಯ್ತಿ, ಮುಳುಗ್ಸೋದ್ರಲ್ಲಿ ಅವ್ರನ್ನ ಮೀರ್ಸೋರಿಲ್ಲ" ಎಂದಳು. ಅಮ್ಮ ನಗಲಿಲ್ಲ, ನಾನು ನಕ್ಕೆ.

ಸಂಸ್ಥೆಯಲ್ಲಿ ನನಗಿದ್ದ ಬೆಲೆಯೇ ಬೇರೆ. ಯಾವ ಕಂಪನಿಗೆ ದುಡ್ಡು ಹಾಕಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ನಾನೂ ಇದ್ದೆ, ಉಳಿದವರು ದೊಡ್ಡ ದೊಡ್ಡ ಕಡೆ ಓದಿ ಬಂದವರು. ಅವರಿಗೆ ಪರದೆಯ ಮೇಲಿನ ಗೆರೆಗಳು ಅರ್ಥವಾಗುತ್ತಿದ್ದವು, ಜನ ಅರ್ಥವಾಗುತ್ತಿರಲಿಲ್ಲ. ನಾನು ಜಿಲ್ಲೆಯ ಮನುಷ್ಯ. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿ ಕಡೆಯಿಂದ ಯಾರಾದರೂ ಹೊಸದೊಂದು ಹಿಡಿದುಕೊಂಡು ಬಂದರೆ, "ಅವನನ್ನು ಕೇಳಿ, ಅವನಿಗೆ ಊರು ಗೊತ್ತು" ಎನ್ನುತ್ತಿದ್ದರು. ಊರು ಗೊತ್ತು ಅನ್ನುವುದೇ ನನ್ನ ಅನ್ನವಾಗಿತ್ತು. ಅದರ ಜಂಬವೂ ಇತ್ತು — ಸಣ್ಣದಲ್ಲ.

ಶೈಲಜಾ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಸಹಪಾಠಿ. ಒಂದೇ ತರಗತಿಯವರಾದರೂ ನಮ್ಮ ಕಾಲದಲ್ಲಿ ಹುಡುಗ ಹುಡುಗಿಯರು 'ನೀವು' ಎಂದೇ ಮಾತನಾಡುತ್ತಿದ್ದದ್ದು, ಆ 'ನೀವು' ಕೊನೆಗೂ ಹೋಗಲಿಲ್ಲ. ಓದು ಮುಗಿಸಿ ಅವರು ಭದ್ರಾವತಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಆ ಕಾಯಂ ಕೆಲಸ ಬಿಟ್ಟು, ಅಲ್ಲಿನ ನ್ಯೂಟೌನ್ ಬಡಾವಣೆಯ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಮಷೀನು ಮಾಡಿದರು. ಬಸ್ ಕಂಡಕ್ಟರ್ ಕೈಯಲ್ಲಿ ಹಿಡಿದು ಟಿಕೆಟ್ ಹೊಡೆಯುವ ಮಷೀನು. ಇವತ್ತು ಯಾವ ಬಸ್ಸು ಹತ್ತಿದರೂ ಅಂಥದ್ದು ಇರುತ್ತದೆ. ಆಗ ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಅದನ್ನು ನೋಡಲು ನಾನೇ ಹೋದೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಕೂತೆವು. ಕಂಡಕ್ಟರ್ ಮಷೀನನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಮ್ಮೋರೆ, ಇದು ಚಿಲ್ರೆನೂ ಕೊಡುತ್ತಾ? ಕೊಟ್ರೆ ಹೇಳಿ, ಈಗ್ಲೇ ಕಾಲಿಗೆ ಬೀಳ್ತೀನಿ" ಎಂದ. ಬಸ್ಸಿಡೀ ನಕ್ಕಿತು. ಮುಂದಿನ ಸೀಟಿನ ಒಬ್ಬ ಮುದುಕಿ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು, "ಊರಿನ ಹೆಸ್ರು ಕನ್ನಡದಲ್ಲೇ ಬಂದೈತಲ್ಲೇ!" ಎಂದು ಮೊಮ್ಮಗಳಿಗೆ ತೋರಿಸಿದಳು. ಶೈಲಜಾ ಕಿಟಕಿಯ ಕಡೆ ತಿರುಗಿ ಕೂತರು — ಕಣ್ಣು ಒರೆಸಿಕೊಂಡರು ಅಂತ ಕಾಣುತ್ತದೆ, ನಾನು ನೋಡದ ಹಾಗೆ ಇದ್ದೆ. ಮಷೀನು ಒಂದು ಸಲವೂ ಕೈಕೊಡಲಿಲ್ಲ.

ಆದರೂ ಸಮಿತಿಯಲ್ಲಿ ನಾನು ಬೇಡ ಎಂದೆ. ಆಗ ಎಲ್ಲರಿಗೂ ವೆಬ್‌ಸೈಟಿನ ಹುಚ್ಚು. ಕೈಯಲ್ಲಿ ಹಿಡಿಯುವ ವಸ್ತು ಎಂದರೇ ಮೂಗು ಮುರಿಯುತ್ತಿದ್ದರು. ನಾನು ಅದಕ್ಕೆ ಒಗ್ಗರಣೆ ಹಾಕಿದೆ. "ನಮ್ಮ ಕಡೆ ಕಂಡಕ್ಟರ್ ಎಷ್ಟು ತಿನ್ನುತ್ತಾನೆ ಎಂದು ಮಾಲೀಕನಿಗೆ ಚೆನ್ನಾಗಿ ಗೊತ್ತು. ತಿಂದುಕೊಳ್ಳಲಿ ಎಂದೇ ಸಂಬಳ ಕಡಿಮೆ ಇಟ್ಟಿರುತ್ತಾನೆ. ಲೆಕ್ಕ ಸರಿಯಾಗಿ ಹೇಳುವ ಮಷೀನು ತಂದರೆ ಸಂಬಳವನ್ನೂ ಸರಿಯಾಗಿ ಕೊಡಬೇಕಾಗುತ್ತದೆ. ಶಿವಮೊಗ್ಗದ ಒಬ್ಬ ಬಸ್ ಮಾಲೀಕನೂ ಇದನ್ನು ಮುಟ್ಟುವುದಿಲ್ಲ, ಬರೆದು ಕೊಡುತ್ತೇನೆ." ಮೇಜಿನ ಸುತ್ತ ಕೂತವರು ಹೊಟ್ಟೆ ತುಂಬ ನಕ್ಕರು. ನೋಡಿ, ಇದಕ್ಕೇ ಇವನು ಬೇಕು ಎಂದರು ಅಧ್ಯಕ್ಷರು. ಮಾಲೀಕರ ಬಗ್ಗೆ ಆಡಿದ ಆ ಮಾತನ್ನು ನಾನೇ ನಂಬಿದ್ದೆನೇ? ಅರ್ಧ ನಂಬಿದ್ದೆ. ಇನ್ನರ್ಧ — ಎದುರಿಗೆ ನಗುವವರಿದ್ದರು.

ಬೇಡ ಎಂದದ್ದು ತಪ್ಪಲ್ಲ. ನೂರು ಜನ ಬಂದರೆ ತೊಂಬತ್ತೆಂಟು ಜನಕ್ಕೆ ಬೇಡ ಅನ್ನುವುದೇ ನಮ್ಮ ಉದ್ಯೋಗ. ಅದನ್ನು ಕಾಗದದಲ್ಲಿ ಕಳಿಸದೆ ಭದ್ರಾವತಿಗೆ ಹೋಗಿ, ಆ ಶೆಡ್ಡಿನಲ್ಲಿ ಕೂತು, ಎದುರಿಗೇ ಹೇಳಿದೆ. ಅವರ ಮುಖ ಇಳಿಯಿತು. "ಆಯ್ತು ಬಿಡಿ. ಮುಖದ ಮೇಲೆ ಹೇಳಿದ್ರಲ್ಲ, ಅದೇ ದೊಡ್ಡದು" ಎಂದು ಕಾಫಿ ಕೊಟ್ಟರು. ಕುಡಿದು ಬಂದೆ. ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಕೆಲಸವೇ ಇರಲಿಲ್ಲ.

ಕೆಲವು ತಿಂಗಳ ನಂತರ ಬಸವರಾಜಪ್ಪ ದೊಡ್ಡಪ್ಪ ಫೋನ್ ಮಾಡಿದರು. ಅಪ್ಪನ ಕಡೆಯ ದೂರದ ನೆಂಟರು. ಹೊಳಲೂರಿನವರು, ಶಿವಮೊಗ್ಗದಲ್ಲಿ ಮಂಡಿ ವ್ಯಾಪಾರ, ಅದರ ಜೊತೆಗೆ ಬಸ್ಸುಗಳು. ಊರಿನ ಬಸ್ ಮಾಲೀಕರಲ್ಲಿ ಅವರ ಮಾತೆಂದರೆ ಮಾತು. ಶೈಲಜಾ ನಮ್ಮನ್ನು ಬಿಟ್ಟು ನೇರವಾಗಿ ಅವರ ಹತ್ತಿರ ಹೋಗಿದ್ದರು. ಅವರ ಒಂದು ಬಸ್ಸಿನಲ್ಲಿ ಮಷೀನು ಓಡಿಸಿ ತೋರಿಸಿದ್ದರು. ಮುದುಕರಿಗೆ ಹಿಡಿಸಿಬಿಟ್ಟಿತ್ತು. ಎಲ್ಲ ಬಸ್ಸಿಗೂ ತೆಗೆದುಕೊಳ್ಳುವುದಷ್ಟೇ ಅಲ್ಲ, ಕಂಪನಿಗೆ ಬಂಡವಾಳವನ್ನೂ ತಾವೇ ಹಾಕುವ ಮನಸ್ಸು ಮಾಡಿದ್ದರು.

ಮುಂದಿನದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಹುಡುಗನನ್ನೋ ಹುಡುಗಿಯನ್ನೋ ನೋಡುವವರು ಮೊದಲು ಗೊತ್ತಿದ್ದವರ ಹತ್ತಿರ ವಿಚಾರಿಸುತ್ತಾರೆ. ಆ ಗೊತ್ತಿದ್ದವರು, ಅವನು ಕುಡಿಯುತ್ತಾನೆ, ಕೊಡಬೇಡಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಸಂಬಂಧ ಮುರಿದ ಪಾಪ ನಮಗೇಕೆ? "ಹುಡುಗ ಒಳ್ಳೇವ್ನೇ. ಆದ್ರೂ ಇನ್ನೊಂದ್ ಕಡೆ ವಿಚಾರ್ಸಿ" ಅನ್ನುತ್ತಾರೆ. ಅಲ್ಲಿಗೆ ಆ ಸಂಬಂಧ ಮುಗಿಯಿತು. ಇನ್ನೊಂದು ಕಡೆ ಯಾರೂ ವಿಚಾರಿಸುವುದಿಲ್ಲ, ಬಂದವರು ಕಾಫಿ ಕುಡಿದು ಎದ್ದು ಹೋಗುತ್ತಾರೆ. ಅಮ್ಮ ಹೀಗೆ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಊರು ಗೊತ್ತು ಅನ್ನುವವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ?

"ಏನಪ್ಪಾ, ಆ ಭದ್ರಾವತಿ ಹೆಣ್ಮಗಳು, ನಿನ್ ಜೊತೆ ಓದಿದೋಳಂತಲ್ಲ" ಎಂದರು ದೊಡ್ಡಪ್ಪ. "ಮಷೀನೇನೋ ಪಸಂದಾಗಿದೆ. ನಂಗೆ ಆ ವಿದ್ಯೆ ಎಲ್ಲಾ ತಿಳಿಯಲ್ಲ, ನೀನು ಅದೇ ಲೈನಲ್ಲಿರೋನು. ಹೆಂಗೆ? ಕೈ ಹಾಕ್ಬೋದಾ?"

ಆ ಒಂದು ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಶೈಲಜಾ ಅಲ್ಲ. ಸಮಿತಿಯ ಮೇಜು ಬಂತು. ಶಿವಮೊಗ್ಗದ ಒಬ್ಬ ಮಾಲೀಕನೂ ಮುಟ್ಟುವುದಿಲ್ಲ ಎಂದು ನಾನು ಎದೆ ತಟ್ಟಿ ಹೇಳಿದ್ದು, ಅವರು ನಕ್ಕಿದ್ದು. ಅಂಥ ಒಬ್ಬ ಮಾಲೀಕರೇ ಈಗ ಫೋನಿನಲ್ಲಿದ್ದರು, ಅದೂ ನನ್ನ ದೊಡ್ಡಪ್ಪನೇ. ನಾಳೆ ಈ ಕಂಪನಿ ಎದ್ದು ನಿಂತರೆ — ನಮ್ಮ ವೃತ್ತಿಯಲ್ಲಿ ಕಳೆದುಕೊಂಡ ದುಡ್ಡನ್ನು ಜನ ಮರೆಯುತ್ತಾರೆ, ಕೈಬಿಟ್ಟ ಕಂಪನಿ ಗೆದ್ದರೆ ಮರೆಯುವುದಿಲ್ಲ. ಊರು ಗೊತ್ತು ಅಂತಿದ್ದನಲ್ಲ, ಏನು ಗೊತ್ತಿತ್ತು ಇವನ ತಲೆ, ಅನ್ನುತ್ತಾರೆ.

"ಒಳ್ಳೆಯವ್ರೇ ದೊಡ್ಡಪ್ಪ, ತುಂಬಾ ಬುದ್ಧಿವಂತರು" ಎಂದೆ. ಸ್ವಲ್ಪ ಸುಮ್ಮನಿದ್ದೆ. ಆ ಸುಮ್ಮನಿದ್ದದ್ದೂ ಬೇಕೆಂದೇ. "ಆದ್ರೂ... ಇನ್ನೊಂದ್ ಕಡೆ ವಿಚಾರ್ಸಿ."

"ಹೂಂ" ಎಂದರು. ಆಮೇಲೆ, "ಗೊತ್ತಾಯ್ತು ಬಿಡಪ್ಪ. ಅಮ್ಮನ ಮಂಡಿ ನೋವು ಹೆಂಗಿದೆ?" ಎಂದು ಕೇಳಿದರು. ವಾಸಿ ಎಂದೆ.

ಹಾವು ಸಾಯಬೇಕು, ಕೋಲು ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಅವತ್ತು ನನಗೆ ಊಟ ಸೇರದೆ ಹೋಗಲಿಲ್ಲ. ಚೆನ್ನಾಗಿಯೇ ಉಂಡೆ. ಇದನ್ನೂ ಹೇಳಿಬಿಡಬೇಕು.

ನಾನು ಎಣಿಸದೆ ಇದ್ದದ್ದು ಒಂದಿತ್ತು. ಬಸವರಾಜಪ್ಪನವರು ಹಿಂದೆ ಸರಿದದ್ದನ್ನು ಕಂಡು ಬೇರೆ ಮಾಲೀಕರು ಅವರನ್ನು ಕೇಳಿದರು. ಅವರೂ ಅದೇ ಮಾತು ಹೇಳಿದರು — ಒಳ್ಳೆ ಹೆಣ್ಮಗಳು, ಆದರೂ ಇನ್ನೊಂದು ಕಡೆ ವಿಚಾರಿಸಿ. ಕೇಳಿಸಿಕೊಂಡವರು ಮತ್ತೊಬ್ಬರಿಗೆ ಹೇಳಿದರು. ನನ್ನ ಮಾತು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಎಲ್ಲ ಕಡೆ ತಿರುಗಿತು. ನಡತೆ ಸರಿಯಿಲ್ಲವೋ, ಲೆಕ್ಕ ಸರಿಯಿಲ್ಲವೋ, ಮನೆಯಲ್ಲಿ ಏನೋ ಇದೆಯೋ, ಅವರವರಿಗೆ ತೋಚಿದ್ದನ್ನು ಅವರವರು ತುಂಬಿಕೊಂಡರು. ಹೆಂಗಸಿನ ವಿಷಯದಲ್ಲಿ ಊರಿಗೆ ಏನು ತೋಚುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಗಾದೆ. ಅವರದು ಅಡಿಕೆಗೂ ಹೋದದ್ದಲ್ಲ, ನನ್ನ ಜಂಬಕ್ಕೆ ಹೋಯಿತು.

ಆ ವರ್ಷದ ಕೊನೆಗೆ ಶೈಲಜಾ ಆಲ್ಕೊಳದ ಮನೆಗೆ ಬಂದರು. ತುಂಬ ಇಳಿದುಹೋಗಿದ್ದರು. ಶೆಡ್ಡಿನ ಬಾಡಿಗೆ ಇರಲಿಲ್ಲ ನಿಜ, ಆದರೆ ಜೊತೆಗೆ ದುಡಿಯುತ್ತಿದ್ದವರು ಒಬ್ಬೊಬ್ಬರೇ ಬಿಟ್ಟಿದ್ದರು, ಪಾಲಿಟೆಕ್ನಿಕ್‌ನವರು ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ಅಮ್ಮ ಉಪ್ಪಿಟ್ಟು ತಂದಿಟ್ಟರೆ ಮುಟ್ಟಲಿಲ್ಲ.

"ಎಲ್ರೂ ಕೂರಿಸ್ತಾರೆ, ಕಾಫಿ ಕೊಡ್ತಾರೆ, ಮಷೀನ್ ಚೆನ್ನಾಗಿದೆ ಅಂತಾರೆ. ಆಮೇಲೆ ಫೋನ್ ಎತ್ತಲ್ಲ ಕಣ್ರೀ" ಎಂದರು. "ಮಷೀನಲ್ಲಿ ತಪ್ಪಿದ್ರೆ ತಿದ್ದಬೋದು. ಇದು ಮಷೀನಲ್ಲಿಲ್ಲ. ನನ್ನಲ್ಲೇ ಏನೋ ಇದೆ. ನೀವು ಮುಖದ ಮೇಲೆ ಹೇಳೋರು. ಏನು ಅಂತ ನೀವಾದ್ರೂ ಹೇಳಿ."

ನಾನು — ಇದನ್ನು ಬರೆಯಲು ಕೈ ಏಳುತ್ತಿಲ್ಲ — ಸ್ವಲ್ಪ ಯೋಚಿಸಿದವನ ಹಾಗೆ ಮಾಡಿ, ನೀವು ವಿಷಯ ಹೇಳುವ ರೀತಿಯಲ್ಲಿ ಇನ್ನಷ್ಟು ಆತ್ಮವಿಶ್ವಾಸ ಇರಬೇಕು ಎಂದೆ. ಅವರು ತಲೆಯಾಡಿಸಿ, ಹೌದು, ನನಗೂ ಹಾಗೇ ಅನ್ನಿಸುತ್ತದೆ ಎಂದರು. ಥ್ಯಾಂಕ್ಸ್ ಹೇಳಿ ಹೋದರು. ಫೋನಿನಲ್ಲಿ ಆಡಿದ ಮಾತಿಗಿಂತ ಇದು ನೀಚತನ. ಅದು ಕಂಪನಿಯನ್ನು ಮುಗಿಸಿತು. ಇದು ತಪ್ಪು ತಮ್ಮದೇ ಎಂದು ಅವರನ್ನು ನಂಬಿಸಿತು.

ಅಷ್ಟರಲ್ಲಿ ವೆಬ್‌ಸೈಟಿನ ಗುಳ್ಳೆಯೂ ಒಡೆಯಿತು, ಎಲ್ಲೆಲ್ಲೂ ಕಂಪನಿಗಳು ಮುಚ್ಚಿದವು. ಅವರದೂ ಹೇಗಿದ್ದರೂ ಮುಚ್ಚುತ್ತಿತ್ತು ಎಂದು ಹೇಳಿಕೊಳ್ಳಲು ನನಗೆ ಒಳ್ಳೆಯ ನೆಪ ಸಿಕ್ಕಿತು. ಮುಚ್ಚುತ್ತಿರಲಿಲ್ಲ. ಗಿರಾಕಿ ಇದ್ದ, ಬಂಡವಾಳ ಇತ್ತು, ಮಷೀನು ಓಡುತ್ತಿತ್ತು. ಮುಂದೆ ಬೇರೆ ಊರಿನ ಕಂಪನಿಗಳು ಅಂಥದ್ದೇ ಮಷೀನು ಮಾಡಿ ದೊಡ್ಡವಾದವು. ಆಗ ನಾನು ಏನು ಮಾಡಿದೆ ಗೊತ್ತೇ? ಭಾಷಣಗಳಲ್ಲಿ ಅದನ್ನೊಂದು ಹಾಸ್ಯ ಮಾಡಿಕೊಂಡೆ. ನನ್ನ ಜೀವನದ ದೊಡ್ಡ ತಪ್ಪು ಯಾವುದು ಗೊತ್ತೇ, ನಮ್ಮ ಭದ್ರಾವತಿಯ ಟಿಕೆಟ್ ಮಷೀನನ್ನು ಕೈಬಿಟ್ಟದ್ದು ಅನ್ನುತ್ತಿದ್ದೆ. ಜನ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು. ಎಷ್ಟು ದೊಡ್ಡವರು, ತಪ್ಪು ಒಪ್ಪಿಕೊಳ್ಳುತ್ತಾರೆ ನೋಡಿ ಎನ್ನುತ್ತಿದ್ದರು.

ಶೈಲಜಾ ಮತ್ತೆ ಪಾಠಕ್ಕೆ ಹೋದರು, ಬೇರೆ ಕಾಲೇಜಿನಲ್ಲಿ, ಕಾಯಂ ಅಲ್ಲದ ಕೆಲಸಕ್ಕೆ. ಹೊಸದೇನನ್ನೂ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಶಿವಮೊಗ್ಗದ ಒಂದು ಸಮಾರಂಭದಲ್ಲಿ ಸಿಕ್ಕಾಗ ತಮ್ಮ ವಿದ್ಯಾರ್ಥಿಗಳನ್ನು ಕರೆದು, "ಇವ್ರು ನಂಗೆ ಬೇಡ ಅಂತ ಎದುರಿಗೇ ಹೇಳಿದೋರು. ಬೆನ್ನ ಹಿಂದೆ ಮಾತಾಡೋ ಜನ ಅಲ್ಲ" ಎಂದು ನನ್ನನ್ನು ಪರಿಚಯಿಸಿದರು. ಹುಡುಗರು ಕೈಮುಗಿದರು. ನಾನೂ ಮುಗಿದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ. ಬಸವರಾಜಪ್ಪ ದೊಡ್ಡಪ್ಪ ತೀರಿಕೊಂಡ ಮೇಲೆ ಆ ಮಾತು ಮೊದಲು ಯಾರ ಬಾಯಿಂದ ಹೊರಟಿತು ಎಂದು ಬಲ್ಲವನು ನಾನೊಬ್ಬನೇ ಉಳಿದೆ. ಆಗ ನನಗೆ ಆದದ್ದು ದುಃಖಕ್ಕಿಂತ ಹೆಚ್ಚಾಗಿ ನಿರಾಳ.

ಹೋದ ತಿಂಗಳು ಫೋನ್ ಬಂತು. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಬಂಡವಾಳ ಹೂಡುವವನಾಗಿ ನನ್ನ ವೃತ್ತಿಜೀವನದ ಬಗ್ಗೆ ಒಂದು ಲೇಖನ ಬೇಕಂತೆ. "ಈಗಿನ ಹುಡುಗ್ರಿಗೆ ಉಪಯೋಗ ಆಗ್ಬೇಕು, ಮುಚ್ಚುಮರೆ ಇಲ್ದೆ ಬರೀರಿ, ನಿಮ್ಮ ಸ್ವಭಾವಕ್ಕೆ ತಕ್ಕ ಹಾಗೆ" ಎಂದರು ಸಂಪಾದಕಿ. ಸಂಪಾದಕಿ ಶೈಲಜಾ.

ಆ ಲೇಖನ ಇದೇ. ಅಚ್ಚಿಗೆ ಹೋಗುವ ಮೊದಲು ಇದನ್ನು ಓದುವವರು ಅವರೊಬ್ಬರೇ.

ಶೈಲಜಾ, ಅವತ್ತು ನಮ್ಮ ಮನೆಯಲ್ಲಿ ಕೂತು ಒಂದು ಮಾತು ಕೇಳಿದಿರಿ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಇಷ್ಟು ವರ್ಷ ನಿಜವೆಂದೇ ನಂಬಿಕೊಂಡು ಬದುಕಿದ್ದೀರಿ. ಅದು ನಿಜವಲ್ಲ. ನಿಮ್ಮಲ್ಲಿ ಏನೂ ತಪ್ಪಿರಲಿಲ್ಲ.