ಬಾಯಿ ಕಟ್ಟಿದ ಕುರ್ಚಿ

ಮಾತುಗಾರನ ಬಾಯಿ ಮುಚ್ಚಿಸಲು ಎರಡೇ ದಾರಿ. ವಾದದಲ್ಲಿ ಸೋಲಿಸಬೇಕು, ಇಲ್ಲವೇ ಗೌರವದ ಸ್ಥಾನ ಕೊಟ್ಟು ಕೂರಿಸಬೇಕು. ನಮ್ಮ ಹಾಸ್ಟೆಲಿನ ವಾರ್ಡನ್ನರಿಗೆ ಮೊದಲನೆಯದು ಕೈಹತ್ತಲಿಲ್ಲ.

ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಶೈವ ದಾನಿಗಳು ಕಟ್ಟಿಸಿದ್ದ ಉಚಿತ ಹಾಸ್ಟೆಲಿನಲ್ಲಿ ನಾವಿದ್ದೆವು. ವಾರ್ಡನ್ನರು ನಿವೃತ್ತ ಹೆಡ್‌ಮಾಸ್ಟರು. ವಿಧಾನಸೌಧ ಎದ್ದು ನಿಂತ ಮೇಲೆ ಅವರಿಗೆ ಅದರದೇ ಗುಂಗು. ನಮ್ಮಲ್ಲೂ ಒಂದು ಸಭೆ ಕಟ್ಟಿದರು. ಊಟದ ಮಂತ್ರಿ, ನೀರಿನ ಮಂತ್ರಿ, ವಿರೋಧ ಪಕ್ಷ, ಸಭಾಧ್ಯಕ್ಷ, ಉಪಸಭಾಧ್ಯಕ್ಷ, ಎಲ್ಲ ಇದ್ದರು. ನಿಯಮದ ಪುಸ್ತಕವೂ ಇತ್ತು, ವಿಧಾನಸಭೆಯದನ್ನೇ ನೋಡಿ ಬರೆದದ್ದು. ಶನಿವಾರ ಸಂಜೆ ಊಟದ ಹಾಲಿನಲ್ಲಿ ಕಲಾಪ. ಇದು ಆಟವೆಂದು ಹೊರಗಿನವರು ನಗುತ್ತಿದ್ದರು. ಆದರೆ ಸಭೆ ತೀರ್ಮಾನಿಸಿದ್ದಕ್ಕೆ ವಾರ್ಡನ್ನರು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ಹುಳಿಯೋ ಸಾರೋ ಅನ್ನುವುದರಿಂದ ಹಿಡಿದು ಯಾರು ಇರಬೇಕು, ಯಾರು ಹೊರಡಬೇಕು ಅನ್ನುವವರೆಗೆ.

ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದಿದ್ದ ನಾನು ವಿರೋಧ ಪಕ್ಷದ ನಾಯಕತ್ವ ನನ್ನದೇ ಅಂದುಕೊಂಡಿದ್ದೆ. ಮೊದಲ ಸಭೆಯಲ್ಲೇ ಸರ್ಕಾರವನ್ನು ಬೀಳಿಸುವ ಭಾಷಣವೂ ಸಿದ್ಧವಿತ್ತು.

"ನಿನ್ನಂಥ ವಿಚಾರವಂತ ಅಲ್ಲಿ ಗಲಾಟೆ ಮಾಡ್ಕೊಂಡು ಕೂರೋದೇನಯ್ಯಾ?" ಅಂದರು ವಾರ್ಡನ್ನರು. "ನೀನು ಉಪಸಭಾಧ್ಯಕ್ಷನಾಗು. ತೂಕ ಇರೋ ಜಾಗ."

ಆ ತೂಕ ಎಷ್ಟೆಂದು ನೋಡಲಿ ಎಂದೇ ಇರಬೇಕು, ಒಂದು ದಿನ ನಮ್ಮನ್ನೆಲ್ಲ ನಿಜವಾದ ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಗೆ ಕರೆದುಕೊಂಡು ಹೋದರು. ಮಧ್ಯಾಹ್ನದ ಊಟ ಆಗಿತ್ತು. ಸಭಾಧ್ಯಕ್ಷರು ಎದ್ದು ಹೋದರು, ಉಪಸಭಾಧ್ಯಕ್ಷರು ಬಂದು ಅದೇ ಕುರ್ಚಿಯಲ್ಲಿ ಕೂತರು. ಬೆಂಚುಗಳು ಖಾಲಿ ಖಾಲಿ. ಯಾರೋ ಒಬ್ಬ ಸದಸ್ಯರು ಕೆರೆಯ ತೂಬಿನ ವಿಚಾರವಾಗಿ ಮಾತಾಡುತ್ತಲೇ ಇದ್ದರು. ಕುರ್ಚಿಯಲ್ಲಿದ್ದವರು ತಲೆ ಆಡಿಸುತ್ತಲೇ ಇದ್ದರು. ಅವರಿಗೆ ತೂಬಿನ ಬಗ್ಗೆ ಏನಾದರೂ ಅಭಿಪ್ರಾಯ ಇತ್ತೋ ಇಲ್ಲವೋ, ಇದ್ದರೂ ಹೇಳುವ ಹಾಗಿರಲಿಲ್ಲ. ಕೂತವರು ಚರ್ಚೆಯಲ್ಲಿ ಮಾತಾಡಕೂಡದು, ಓಟು ಹಾಕಕೂಡದು. ಎರಡೂ ಕಡೆ ಸಮವಾದರೆ ಮಾತ್ರ ಒಂದು ಓಟು. ನಮ್ಮ ಹಾಸ್ಟೆಲಿನಲ್ಲಿ ಇನ್ನೂ ಬಿಗಿ: ಉಪಸಭಾಧ್ಯಕ್ಷ ಬೆಂಚಿನಲ್ಲಿ ಕೂತಿದ್ದಾಗಲೂ ಮಾತಾಡಕೂಡದು, ಓಟು ಹಾಕಕೂಡದು.

"ನೋಡ್ದೇನೋ ನಿನ್ನ ಭವಿಷ್ಯಾನ?" ಎಂದು ಪಕ್ಕದಲ್ಲಿ ಕೂತಿದ್ದ ಗೆಳೆಯ ಪಿಸುಗುಟ್ಟಿದ. "ಸಂಬಳ ಇರೋ ಮೌನವ್ರತ. ನಿನಗೆ ಸಂಬಳಾನೂ ಇಲ್ಲ."

ಈ ಗೆಳೆಯ ಕೋಣನಕುಂಟೆಯ ರೈತರ ಮನೆಯವನು. ಅವನ ಮನೆಯಲ್ಲಿ ಭಾನುವಾರ ಕೋಳಿ ಸಾರು. ಬೇರೆ ಜನರಿಗೆಂದು ಹಾಸ್ಟೆಲು ಇಟ್ಟಿದ್ದ ಕೆಲವೇ ಜಾಗಗಳಲ್ಲಿ ಅವನದೊಂದು. ಅದಕ್ಕೊಂದು ಷರತ್ತಿತ್ತು: ಹಾಸ್ಟೆಲಿನಲ್ಲಿ ಇರುವಷ್ಟು ಕಾಲ ಮಾಂಸ, ಮೊಟ್ಟೆ ಮುಟ್ಟಕೂಡದು. ಊರಿನಿಂದ ಕಾಲೇಜಿನ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಹಾಸ್ಟೆಲು ಹೋದರೆ ಓದೂ ಹೋಯಿತು, ಅಪ್ಪನ ಸೊಪ್ಪಿನ ಮಡಿಯೇ ಗತಿ. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅಂಥವನ ಮೇಲೆ ಊಟದ ಮಂತ್ರಿ ಒಂದು ಶನಿವಾರ ನಿರ್ಣಯ ತಂದ. ಹಣೆ ತುಂಬ ವಿಭೂತಿ, ಬಾಯಿ ತುಂಬ ನೀತಿ. "ಈ ಸದಸ್ಯರು ಸಿದ್ದಾಪುರದ ಕಡೆ ಒಂದು ಮಿಲಿಟರಿ ಹೋಟೆಲಿನಲ್ಲಿ ಆಮ್ಲೆಟ್ ತಿಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರನ್ನು ಹಾಸ್ಟೆಲಿನಿಂದ ಹೊರಗೆ ಕಳಿಸಬೇಕು."

ಆ ಹೊತ್ತಿಗೆ ಸರಿಯಾಗಿ ಸಭಾಧ್ಯಕ್ಷನಿಗೆ ಹಲ್ಲುನೋವು ಬಂತು. ಅವನು ಅಂತಿಮ ವರ್ಷದವನು, ಯಾರನ್ನೂ ಎದುರು ಹಾಕಿಕೊಳ್ಳದ ಜಾಣ. ದವಡೆ ಹಿಡಿದುಕೊಂಡು, "ಗುರು, ನೀನು ಕೂತ್ಕೋ" ಎಂದು ಎದ್ದು ಹೋದ. ನಾನು ವಾರ್ಡನ್ನರ ಬೆತ್ತದ ಕುರ್ಚಿಯಲ್ಲಿ ಕೂತೆ.

ಕೂತ ಕೂಡಲೇ ನನ್ನ ನಾಲಿಗೆ ತುದಿಗೆ ಒಂದು ಪ್ರಶ್ನೆ ಬಂತು. ಆ ಹೋಟೆಲು ನಮಗೆಲ್ಲ ಗೊತ್ತು. ಬಾಗಿಲಿಗೆ ಪರದೆ, ಕಿಟಕಿಗೆ ಹೊಗೆ ಹಿಡಿದ ಗಾಜು. ಬೀದಿಯಲ್ಲಿ ನಿಂತವನಿಗೆ ಒಳಗಿನ ತಟ್ಟೆ ಕಾಣುವುದಿಲ್ಲ. ಮಂತ್ರಿಗಳು ನೋಡಿದ್ದು ಎಲ್ಲಿ ನಿಂತು? ಎಲ್ಲಿ ಕೂತು? ಈ ಒಂದು ಪ್ರಶ್ನೆ ಸಾಕಿತ್ತು, ನಿರ್ಣಯ ಅಲ್ಲೇ ಸತ್ತುಹೋಗುತ್ತಿತ್ತು. ಆದರೆ ಕುರ್ಚಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ.

ಗೆಳೆಯನ ಪರವಾಗಿ ಎದ್ದದ್ದು ಮೊದಲ ವರ್ಷದ ಒಬ್ಬ ನಾಚಿಕೆ ಸ್ವಭಾವದವನು. "ಮಾನ್ಯರೇ, ಮೊಟ್ಟೆ ಅಂದ್ರೆ... ಅದರಲ್ಲಿ ಪ್ರೋಟೀನು..." ಎಂದ. ಸಭೆ ಗೊಳ್ಳೆಂದಿತು. ನಾನು ಗಂಟೆ ಬಾರಿಸಿ ಶಾಂತಿ ಕಾಪಾಡಿದೆ. ಕೇಳಪ್ಪಾ, ಎಲ್ಲಿಂದ ನೋಡ್ದೆ ಅಂತ ಕೇಳು, ಎಂದು ಅವನನ್ನೇ ಕಣ್ಣರಳಿಸಿ ನೋಡಿದೆ. ನಾನು ಸಿಟ್ಟಾಗಿದ್ದೇನೆ ಎಂದುಕೊಂಡು ಅವನು ಕ್ಷಮೆ ಕೇಳಿ ಕೂತುಬಿಟ್ಟ.

ಕೈ ಎತ್ತುವ ಹೊತ್ತು ಬಂತು. ಗೆಳೆಯನೂ ತನ್ನ ಪರವಾಗಿ ಕೈ ಎತ್ತಿದ. ಮಂತ್ರಿ ತಟ್ಟನೆ ಎದ್ದ.

"ಕ್ರಿಯಾಲೋಪ! ಸ್ವಂತ ಹಿತ ಇರೋರು ಆ ವಿಷಯದಲ್ಲಿ ಓಟು ಹಾಕೋ ಹಾಗಿಲ್ಲ. ನಿಯಮ ಇದೆ."

ನಿಯಮ ಇತ್ತು. ಇಲ್ಲದಿದ್ದರೆ ಚೆನ್ನಾಗಿತ್ತು. ಎಲ್ಲರ ಕಣ್ಣೂ ನನ್ನ ಮೇಲೆ. ಸ್ನೇಹಿತನಿಗೆ ಸಹಾಯ ಮಾಡುತ್ತಾನಾ, ನೋಡೋಣ ಅನ್ನುವಂತೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ತೀರ್ಪು ಕೊಟ್ಟೆ: "ಆಕ್ಷೇಪಣೆ ಸರಿಯಾಗಿದೆ. ಸದಸ್ಯರು ಕೈ ಇಳಿಸಬೇಕು."

ಅವನು ನನ್ನನ್ನೇ ನೋಡುತ್ತ ಕೈ ಇಳಿಸಿದ. ಎಣಿಸಿದರೆ ಎರಡೂ ಕಡೆ ಸಮ. ಅವನ ಕೈ ಇದ್ದಿದ್ದರೆ ಅಷ್ಟಕ್ಕೇ ಗೆದ್ದಿರುತ್ತಿದ್ದ.

ಈಗ ನನ್ನ ಒಂದು ಓಟು. ಅದಕ್ಕೂ ಒಂದು ಪದ್ಧತಿ ಇದೆ: ಕುರ್ಚಿಯಲ್ಲಿರುವವನು ಇದ್ದದ್ದನ್ನು ಇದ್ದ ಹಾಗೆಯೇ ಉಳಿಸುವ ಕಡೆಗೆ ಓಟು ಹಾಕಬೇಕು. "ಸದಸ್ಯರು ಹಾಸ್ಟೆಲಿನಲ್ಲಿ ಇದ್ದಾರೆ, ಇರಲಿ" ಅಂದೆ. ಮಂತ್ರಿ ನಿಯಮದ ಪುಸ್ತಕ ಮಡಚಿಟ್ಟು ಕೂತ. ಎರಡು ತೀರ್ಪು, ಎರಡರಲ್ಲೂ ಒಂದು ಬಿರುಕಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕೆನಿಸಿತು.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಗೆಳೆಯ ಸಿಕ್ಕ. ಧನ್ಯವಾದ ಹೇಳಿದರೆ ಹೇಗೆ ವಿನಯದಿಂದ ತಳ್ಳಿಹಾಕಬೇಕೆಂದು ಯೋಚಿಸಿಟ್ಟಿದ್ದೆ. ಅವನು ಅಂಗಿ ಕುಕ್ಕುತ್ತ, "ನನ್ನ ಓಟು ಕಿತ್ಕೊಂಡು ನಿನ್ನ ಓಟು ಭಿಕ್ಷೆ ಹಾಕ್ದೆಯಲ್ಲೋ" ಅಂದ.

"ಉಳ್ಕೊಂಡಿದೀಯಲ್ಲ?"

"ನನ್ನ ಕೈಯಿಂದಾನೇ ಉಳೀತಿದ್ದೆ. ಈಗ ಡಿಗ್ರಿ ಮುಗಿಯೋವರ್ಗೂ ನಿನಗೆ ನಮಸ್ಕಾರ ಹೊಡ್ಕೊಂಡು ಓಡಾಡ್ಬೇಕು."

"ನಿಯಮ ಹಾಗಿತ್ತು ಕಣೋ."

"ನಿಯಮಾನ ನಾನೂ ಓದ್ತೀನಿ ಬಿಡು" ಎಂದು ಬಕೆಟ್ಟು ಎತ್ತಿಕೊಂಡು ಹೋದ.

ಓದಿದ. ಮುಂದಿನ ಸಭೆಗೆ ಅವನದೇ ನಿರ್ಣಯ ಬಂತು: ಉಪಸಭಾಧ್ಯಕ್ಷರನ್ನು ಸ್ಥಾನದಿಂದ ತೆಗೆಯಬೇಕು. ಮಂತ್ರಿಯ ಕಡೆಯವರಿಗೆ ಹಬ್ಬ. ನನಗೆ ಮೈ ಉರಿಯಿತು. ಜೀವ ಉಳಿಸಿದ್ದಕ್ಕೆ ಇದಾ ಎಂದು ಅವನ ಕೋಣೆಗೆ ನುಗ್ಗಿದೆ.

"ಕೂಗಾಡ್ಬೇಡ. ಪುಸ್ತಕದಲ್ಲಿ ತೆಗೆಯೋ ನಿಯಮದ ಕೆಳಗಿನ ಸಾಲು ಓದ್ಕೊಂಡು ಬಾ" ಅಂದ ಅವನು.

ಓದಿದೆ. ಉಪಸಭಾಧ್ಯಕ್ಷರನ್ನು ತೆಗೆಯುವ ನಿರ್ಣಯ ಸಭೆಯ ಮುಂದೆ ಇರುವಾಗ ಅವರು ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಆದರೆ ಮಿಕ್ಕ ಸದಸ್ಯರಂತೆ ಮಾತಾಡಬಹುದು, ಓಟೂ ಹಾಕಬಹುದು. ಸ್ವಂತ ಹಿತವಿದ್ದರೂ ಹಾಕಬಹುದು! ಅಂದರೆ ಆ ಹುದ್ದೆಯಲ್ಲಿರುವವನಿಗೆ ಬಾಯಿ ಬರುವುದು ಅವನನ್ನು ಕಿತ್ತುಹಾಕುವ ದಿನ ಮಾತ್ರ.

ಆ ಶನಿವಾರ ಸಭಾಧ್ಯಕ್ಷನಿಗೆ ಹಲ್ಲುನೋವಿರಲಿಲ್ಲ. ನಾನು ಬೆಂಚಿನಿಂದ ಎದ್ದು ನಿಂತೆ. ತಿಂಗಳುಗಟ್ಟಲೆ ಕಟ್ಟಿಟ್ಟ ನಾಲಿಗೆ. ನನ್ನನ್ನು ತೆಗೆಯಲೇಬೇಕೆಂದು ನಾನೇ ವಾದಿಸಿದೆ. "ಬೆಂಕಿಯಂಥ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ಗಂಟೆ ಬಾರಿಸುತ್ತ ಕೂರಬಲ್ಲ ಮನುಷ್ಯ ಈ ಕುರ್ಚಿಗೆ ಬಹಳ ಯೋಗ್ಯ. ಬೇರೆ ಯಾವುದಕ್ಕೂ ಅಯೋಗ್ಯ. ಆದ್ದರಿಂದ ಅವನನ್ನು ಇಲ್ಲಿಂದ ಬಿಡಿಸಿ. ಆ ಪ್ರಶ್ನೆ ಇದು: ಬೀದಿಗೆ ಕಾಣದ ತಟ್ಟೆ ಮಾನ್ಯ ಊಟದ ಮಂತ್ರಿಗಳಿಗೆ ಕಂಡದ್ದು ಎಲ್ಲಿಂದ?"

"ಈ ಪ್ರಶ್ನೆ ಇವತ್ತಿನ ವಿಷಯಕ್ಕೆ ಸಂಬಂಧಿಸಿಲ್ಲ" ಎಂದು ಸಭಾಧ್ಯಕ್ಷ ಗಂಟೆ ಬಾರಿಸಿದ. ಉತ್ತರ ಕೊಡಬೇಕಾಗಿಯೇ ಇರಲಿಲ್ಲ. ಆದರೆ ಮಂತ್ರಿ ಆಗಲೇ ಎದ್ದು ನಿಂತಿದ್ದ.

"ನಾನು ಕಾಫಿ ಕುಡಿಯೋಕೆ ಹೋಗಿದ್ದೆ ಅಷ್ಟೇ!"

"ಯಾವ ಕೋಳಿಯ ಕಾಫಿ, ಮಂತ್ರಿಗಳೇ?" ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಕೂಗಿದ್ದು ಆ ಪ್ರೋಟೀನಿನ ಹುಡುಗ. ಗಂಟೆಯ ಸದ್ದು ಯಾರಿಗೂ ಕೇಳಿಸಲಿಲ್ಲ.

ನಗು ಅಡಗಿದ ಮೇಲೆ ಕೈ ಎತ್ತಿಸಿದರು. ನನ್ನ ವಾದ ಗೆದ್ದಿತು, ಹಾಗಾಗಿ ನನ್ನ ಹುದ್ದೆ ಹೋಯಿತು. ನಾನೂ ತೆಗೆಯಬೇಕು ಎಂದೇ ಕೈ ಎತ್ತಿದ್ದೆ, ಮಂತ್ರಿಯೂ ಎತ್ತಿದ್ದ. ಬೇಡ ಎಂದು ಎತ್ತಿದ ಕೈ ಇಡೀ ಹಾಲಿನಲ್ಲಿ ಒಂದೇ: ನಿರ್ಣಯ ತಂದ ಗೆಳೆಯನದು.

ಬಾಗಿಲ ಬಳಿ ನಿಂತಿದ್ದ ವಾರ್ಡನ್ನರಿಗೆ ತಡೆಯಲಾಗಲಿಲ್ಲ. "ಏನಯ್ಯಾ ಇದು? ನಿರ್ಣಯ ತಂದೋನೇ ಅದರ ವಿರುದ್ಧ ಓಟು ಹಾಕ್ತಾನೇನಯ್ಯಾ?"

"ತೆಗೀಬೇಕು ಅಂತ ತಂದಿದ್ದಲ್ಲ ಸಾರ್, ಇವನು ಮಾತಾಡ್ಲಿ ಅಂತ ತಂದಿದ್ದು" ಅಂದ ಅವನು, ಎತ್ತಿದ ಕೈ ಇಳಿಸದೆಯೇ. "ಇನ್ನು ಓಟು. ಅದು ನಂದು. ಈ ಸಲ ಕೈ ಇಳಿಸೋ ಅನ್ನೋಕೆ ಇವನು ಕುರ್ಚಿ ಮೇಲಿಲ್ಲ."